ಶಂಕಾವಿಷ: ಕಾಯಿಲೆಯ ಭಯಕ್ಕೂ ಒಂದು ಚರಿತ್ರೆ ಇದೆ

2025ರ ಜುಲೈ ತಿಂಗಳ ಮೊದಲ ವಾರಗಳಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಿಗ್ಗೆಯೇ ಜನ ಸಾಲುಗಟ್ಟಿ ನಿಂತಿದ್ದರು. ಪಕ್ಕದ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಟಿವಿಯಲ್ಲೂ ಮೊಬೈಲಿನಲ್ಲೂ ದಿನವಿಡೀ ಓಡುತ್ತಿತ್ತು. ಸತ್ತವರಲ್ಲಿ ಹರೆಯದವರೂ ಇದ್ದರು. ಹೀಗಾಗಿ ಎದೆಯಲ್ಲಿ ಒಂದು ಸಣ್ಣ ಚಳುಕು ಕಂಡವರು, ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವರು, ಏನೂ ಆಗದೆಯೇ ಗಾಬರಿಯಾದವರು ಎಲ್ಲರೂ ಇಸಿಜಿ ಮಾಡಿಸಿಕೊಳ್ಳಲು ಬಂದಿದ್ದರು. ಸುಮ್ಮನೆ ಆತಂಕಪಟ್ಟು ಓಡಿ ಬರಬೇಡಿ, ನಿಜವಾದ ರೋಗಿಗಳಿಗೆ ತೊಂದರೆಯಾಗುತ್ತದೆ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. ನಾಲ್ಕು ವರ್ಷಗಳ ಹಿಂದೆ, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರದ ದಿನಗಳಲ್ಲೂ ಹೀಗೇ ಆಗಿತ್ತು. ವ್ಯಾಯಾಮ ಮಾಡುತ್ತಿದ್ದ, ನಗುತ್ತಿದ್ದ, 46 ವರ್ಷದ ಒಬ್ಬ ಮನುಷ್ಯ ಹೀಗೆ ಹೋಗಬಹುದಾದರೆ ನಮ್ಮ ಪಾಡೇನು ಎಂದು ಕರ್ನಾಟಕದ ಯುವಕರು ತಮ್ಮ ಎದೆಯ ಮೇಲೆ ತಾವೇ ಕೈ ಇಟ್ಟು ನೋಡಿಕೊಂಡಿದ್ದರು.

ಹಾಸನದ ಸಾವುಗಳ ಬಗ್ಗೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಒಂದು ತಜ್ಞರ ಸಮಿತಿ ಮಾಡಿತು. ಹಿಂದಿನ ಅಂಕಿಅಂಶಗಳಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಕಾಣುವುದಿಲ್ಲವೆಂದು ಸಮಿತಿ ವರದಿ ಕೊಟ್ಟಿತು. ಸುದ್ದಿ ತಣ್ಣಗಾಯಿತು, ಆಸ್ಪತ್ರೆಯ ಸಾಲು ಕರಗಿತು.

ಆದರೆ ಎಲ್ಲರ ಭಯವೂ ಸಾಲಿನ ಜೊತೆ ಕರಗುವುದಿಲ್ಲ. ಇಸಿಜಿ ಸರಿಯಿದೆ ಎಂದು ಕೇಳಿ ಬಸ್ಸು ಹತ್ತಿ, ಊರು ತಲುಪುವ ಮೊದಲೇ 'ಯಂತ್ರ ತಪ್ಪು ತೋರಿಸಿದ್ದರೆ?' ಎಂದು ಬೆವರುವ ಕೆಲವರು ಇರುತ್ತಾರೆ. ಮಾರನೇ ವಾರ ಎಕೋ, ಅದರ ಮುಂದಿನ ತಿಂಗಳು ಟಿಎಂಟಿ, ಆಮೇಲೆ ಬೇರೆ ಆಸ್ಪತ್ರೆ, ಆಮೇಲೆ ಬೇರೆ ಅಂಗ. ವೈದ್ಯಶಾಸ್ತ್ರ ಇದನ್ನು ತೀವ್ರ ಆರೋಗ್ಯ ಆತಂಕ ಎನ್ನುತ್ತದೆ. ಮನೆಯವರು ಇದನ್ನು ಸಂಶಯ, ಪುಕ್ಕಲುತನ, ಕೆಲಸಗಳ್ಳತನ ಎನ್ನುತ್ತಾರೆ. ಇದಕ್ಕೆ ಗುರಿಯಾದವರನ್ನು ಲೋಕ ಯಾವ ಕಾಲದಲ್ಲಿ ಹೇಗೆ ನೋಡಿತು, ಅವರಿಗೆ ಏನು ಮದ್ದು ಕೊಟ್ಟಿತು ಎಂಬುದನ್ನು ನಮ್ಮ ಮಂಡ್ಯದ ಕಡೆಯಿಂದ ನಿಂತು ನೋಡುವ ಪ್ರಯತ್ನ ಈ ಬರಹ.

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಒಂದು ಹೋಬಳಿ ಊರು. ಈ ಸೀಮೆಯ ರೈತರಿಗೆ ರಾತ್ರಿ ಹೊತ್ತು ಗದ್ದೆಗೆ ನೀರು ಕಟ್ಟಲು ಹೋಗುವುದು ಹೊಸದಲ್ಲ. ಎದೆಮಟ್ಟ ಬೆಳೆದ ಕಬ್ಬಿನ ನಡುವೆ ಟಾರ್ಚು ಹಿಡಿದು ನಡೆಯುವಾಗ ಕಾಲಿಗೆ ಏನೋ ಚುಚ್ಚುತ್ತದೆ. ಕೂಳೆಯ ಮೊನೆಯೋ, ಮುಳ್ಳೋ, ಹಾವೋ ಗೊತ್ತಾಗುವುದಿಲ್ಲ. ಒಂದು ಕ್ಷಣದಲ್ಲಿ ಗಂಟಲು ಒಣಗುತ್ತದೆ, ಎದೆ ಡವಗುಟ್ಟುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಹಾವು ಕಡಿಯದಿದ್ದರೂ ವಿಷ ಏರಿದ ಲಕ್ಷಣಗಳೆಲ್ಲ ಮೈಮೇಲೆ ಮೂಡುತ್ತವೆ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಷಚಿಕಿತ್ಸೆಗೇ ಮೀಸಲಾದ ಒಂದು ಅಧ್ಯಾಯವಿದೆ. ಸರ್ಪಗಳ, ಚೇಳುಗಳ, ಸಸ್ಯಗಳ ವಿಷವನ್ನೆಲ್ಲ ವಿವರಿಸಿದ ಮೇಲೆ ಅಲ್ಲಿ ಇದೇ ಪ್ರಸಂಗ ಬರುತ್ತದೆ. ಕತ್ತಲಲ್ಲಿ ಏನೋ ಚುಚ್ಚಿ, ವಿಷಜಂತುವೇ ಕಚ್ಚಿತೆಂಬ ಶಂಕೆಯಿಂದ ಉದ್ವೇಗಗೊಂಡವನಿಗೆ ಜ್ವರ, ವಾಂತಿ, ಮೂರ್ಛೆ, ಉರಿ ಬರಬಹುದು ಎಂದು ಹೇಳಿ, ಅದಕ್ಕೆ ಚರಕ ಸಂಹಿತೆ ಇಟ್ಟ ಹೆಸರು 'ಶಂಕಾವಿಷ'. ಈ ಹೆಸರಿನಲ್ಲಿ ಒಂದು ದೊಡ್ಡ ತಿಳಿವಳಿಕೆ ಇದೆ. ಆ ಪುರಾತನ ವೈದ್ಯ ರೋಗಿಯನ್ನು 'ನೀನು ನಾಟಕ ಮಾಡುತ್ತಿದ್ದೀಯ' ಎನ್ನಲಿಲ್ಲ. ಶಂಕೆಯನ್ನೂ ವಿಷಗಳ ಪಟ್ಟಿಯಲ್ಲೇ ಸೇರಿಸಿದ. ಹಾವು ಸುಳ್ಳಾಗಿರಬಹುದು, ಜ್ವರ ಸುಳ್ಳಲ್ಲ. ಚಿಕಿತ್ಸೆಯೂ ಇದೆ: ಸಕ್ಕರೆ, ದ್ರಾಕ್ಷಿ, ಜ್ಯೇಷ್ಠಮಧು, ಜೇನು ಸೇರಿದ ಪಾನ, ಮಂತ್ರಿಸಿದ ನೀರಿನ ಪ್ರೋಕ್ಷಣೆ, ಸಾಂತ್ವನ, ಸಂತೋಷಪಡಿಸುವುದು. ಒಂದು ರಾತ್ರಿಯ ಭಯಕ್ಕೆ ಇಷ್ಟು ಸಾಕು. ಬೆಳಗಾದ ಮೇಲೆ ಕಾಲು ಊದಿಲ್ಲವೆಂದು ನೋಡಿ ಆತ ಎದ್ದು ಕೆಲಸಕ್ಕೆ ಹೋಗುತ್ತಾನೆ. ಬೆಳಗಾದರೂ ಏಳದವನಿಗೆ ಏನು ಮಾಡಬೇಕೆಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು.

ಭಯದ ಚರಿತ್ರೆಯನ್ನು ಬರೆಯುವಾಗ ಒಂದನ್ನು ಮರೆಯಬಾರದು. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ರೋಗಕ್ಕೆ ಹೆದರಲು ಬೇಕಾದಷ್ಟು ಕಾರಣವಿತ್ತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬೇಗನೆ ಮೈಸೂರು ಸಂಸ್ಥಾನದ ಉಳಿದ ಕಡೆಗೂ ಹಬ್ಬಿತು. ಇಂದಿನ ಮಂಡ್ಯ ಜಿಲ್ಲೆ ಆಗ ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು, ಪ್ರತ್ಯೇಕವಾದದ್ದು 1939ರಲ್ಲಿ. ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದರೆ ಊರು ಬಿಡುವ ಸೂಚನೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆಯೇ ಎಂದು ಜನ ತಮ್ಮ ಮೈಯನ್ನೂ ಮಕ್ಕಳ ಮೈಯನ್ನೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲ ಅದು. ಸರ್ಕಾರದ ತಪಾಸಣೆಯ ಬಗ್ಗೆಯೂ ಅಷ್ಟೇ ಭಯವಿತ್ತು. ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದು, ರೋಗಿಗಳನ್ನು ಮನೆಯಿಂದ ಬೇರ್ಪಡಿಸುವುದು ಜನರನ್ನು ರೊಚ್ಚಿಗೆಬ್ಬಿಸಿತು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ಗಲಭೆಯೇ ಆಯಿತು.

ಆ ಭಯಕ್ಕೆ ಒಂದು ಸಾರ್ವಜನಿಕ ರೂಪವಿತ್ತು. ಊರಿಗೆ ಊರೇ ಹೊರಗೆ ಹೋಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಮಾರಮ್ಮನಿಗೆ ಹರಕೆ ಹೊರುತ್ತಿತ್ತು. ಪ್ಲೇಗಿನ ಹೆಸರಿನಲ್ಲೇ ಮಾರಮ್ಮನ ಗುಡಿಗಳು ಎದ್ದವು. ಕೆಲವು ತಿಂಗಳಾದ ಮೇಲೆ ಮನೆಗಳಿಗೆ ಸುಣ್ಣ ಬಳಿದು, ಎಲ್ಲರೂ ಒಟ್ಟಿಗೆ ಊರೊಳಕ್ಕೆ ಹಿಂದಿರುಗುತ್ತಿದ್ದರು. ಹೊರಡುವುದಕ್ಕೆ ಒಂದು ದಿನವಿತ್ತು, ಮರಳುವುದಕ್ಕೂ ಒಂದು ದಿನವಿತ್ತು. 'ಇನ್ನು ಹೆದರಬೇಕಾಗಿಲ್ಲ' ಎಂದು ಇಡೀ ಊರು ಒಟ್ಟಾಗಿ ತೀರ್ಮಾನಿಸುತ್ತಿತ್ತು. 1918ರ ಇನ್‌ಫ್ಲುಯೆಂಜಾ, ಆಮೇಲೆ ಕನ್ನಂಬಾಡಿ ಕಟ್ಟೆಯ ನಾಲೆ ನೀರು ಹರಿದ ವರ್ಷಗಳಲ್ಲಿ ಮಂಡ್ಯದ ಬಯಲಿನಲ್ಲಿ ಹೆಚ್ಚಿದ ಮಲೇರಿಯಾ, ಇವೆಲ್ಲ ಊರಿನ ಕಾಯಿಲೆಗಳೇ. ಮಲೇರಿಯಾದ ವಿಷಯದಲ್ಲಂತೂ ಮೈಸೂರು ಸರ್ಕಾರದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆ ಸೇರಿ ಸೊಳ್ಳೆಗಳನ್ನು ಹಿಡಿದು, ಎಣಿಸಿ, ಅಧ್ಯಯನ ಮಾಡಿತು. ಭಯಕ್ಕೆ ಕಣ್ಣಿಗೆ ಕಾಣುವ ಶತ್ರು ಸಿಕ್ಕಿತ್ತು.

ಆರೋಗ್ಯ ಆತಂಕದಲ್ಲಿ ಬೀಳುವವನಿಗೆ ಇಲ್ಲವಾಗುವುದು ಇದೇ. ಅವನ ಭಯಕ್ಕೆ ಗುಡಿಸಲಿಲ್ಲ, ಮರಳುವ ದಿನವಿಲ್ಲ, ಜೊತೆಗೆ ಹೆದರುವ ಊರಿಲ್ಲ. ಹಾಸನದ ಸುದ್ದಿ ತಣ್ಣಗಾದಾಗ ಊರಿನವರೆಲ್ಲ ಭಯದಿಂದ ವಾಪಸು ಬಂದರು. ಅವನೊಬ್ಬ ಹೊಲದಲ್ಲೇ ಉಳಿದ.

ಹೀಗೆ ಒಂಟಿಯಾಗಿ ಉಳಿದವರನ್ನು ಯುರೋಪು ಬಹುಕಾಲ 'ಹೈಪೊಕಾಂಡ್ರಿಯಾ' ಎಂಬ ಹೆಸರಿನಿಂದ ಕರೆಯಿತು. ಗ್ರೀಕಿನಲ್ಲಿ ಆ ಪದಕ್ಕೆ ಪಕ್ಕೆಲುಬಿನ ಮೆದುಮೂಳೆಯ ಕೆಳಗಿನ ಜಾಗ ಎಂದಷ್ಟೇ ಅರ್ಥ. ಹೊಟ್ಟೆಯ ಆ ಭಾಗದಲ್ಲಿ ಹುಟ್ಟುವ ಕೆಟ್ಟ ಆವಿಗಳು ಮನಸ್ಸಿಗೆ ಏರಿ ವಿಷಾದ ತರುತ್ತವೆಂದು ನಂಬಿದ್ದರು. 1621ರಲ್ಲಿ ರಾಬರ್ಟ್ ಬರ್ಟನ್ ವಿಷಾದದ ಬಗ್ಗೆ ಬರೆದ ಬೃಹತ್ ಗ್ರಂಥದಲ್ಲಿ ಇದಕ್ಕೊಂದು ವಿಭಾಗವೇ ಇದೆ. 1733ರಲ್ಲಿ ಜಾರ್ಜ್ ಚೇನಿ ಎಂಬ ವೈದ್ಯ ಇದನ್ನು ಇಂಗ್ಲಿಷರ ಕಾಯಿಲೆ ಎಂದೇ ಕರೆದು ಪುಸ್ತಕ ಬರೆದ, ತಾನೂ ಅದರಿಂದ ನರಳಿದ್ದನ್ನು ಅದರಲ್ಲಿ ದಾಖಲಿಸಿದ.

ಇನ್ನೊಂದು ಕಡೆ ಇವರನ್ನು ನೋಡಿ ನಗುವ ಪರಂಪರೆಯೂ ಬೆಳೆಯಿತು. ಫ್ರೆಂಚ್ ನಾಟಕಕಾರ ಮೊಲಿಯೇರ್ 1673ರಲ್ಲಿ ಕಾಯಿಲೆಯನ್ನು ಕಲ್ಪಿಸಿಕೊಂಡು ವೈದ್ಯರಿಗೆ ದುಡ್ಡು ಸುರಿಯುವ ಯಜಮಾನನೊಬ್ಬನನ್ನು ರಂಗಕ್ಕೆ ತಂದ. ಆ ಪಾತ್ರವನ್ನು ತಾನೇ ಮಾಡಿದ. ನಾಲ್ಕನೆಯ ಪ್ರದರ್ಶನದಲ್ಲಿ, ಫೆಬ್ರುವರಿ 17ರಂದು, ರಂಗದ ಮೇಲೆಯೇ ಅಸ್ವಸ್ಥನಾಗಿ ಅದೇ ರಾತ್ರಿ ತೀರಿಕೊಂಡ. ಸುಳ್ಳು ರೋಗಿಯ ವೇಷದೊಳಗೆ ನಿಜವಾದ ರೋಗಿ ಇದ್ದ. 1889ರಲ್ಲಿ ಬಂದ ಜೆರೋಮ್ ಕೆ. ಜೆರೋಮನ ದೋಣಿಯಾತ್ರೆಯ ಕಥೆಯಲ್ಲಿ ನಿರೂಪಕ ಬ್ರಿಟಿಷ್ ಮ್ಯೂಸಿಯಂನಲ್ಲಿ ವೈದ್ಯಕೀಯ ಪುಸ್ತಕವೊಂದನ್ನು ತೆರೆದು, ಒಂದೇ ಒಂದನ್ನು ಬಿಟ್ಟು ಅದರಲ್ಲಿರುವ ಕಾಯಿಲೆಗಳೆಲ್ಲ ತನಗಿವೆ ಎಂದು ಕಂಡುಕೊಳ್ಳುತ್ತಾನೆ. ಇಂದು ಮೊಬೈಲಿನಲ್ಲಿ 'ಎಡಗೈ ನೋವು' ಎಂದು ಹುಡುಕುವವರ ಪೂರ್ವಜ ಆತ. ಓದಿ ನಗುತ್ತೇವೆ. ಆದರೆ ರಾತ್ರಿ ಎರಡು ಗಂಟೆಗೆ ನಾಡಿ ಹಿಡಿದು ಕುಳಿತವನಿಗೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಹೃದಯದ ಭಯಕ್ಕೆ ಇದರೊಳಗೆ ತನ್ನದೇ ಆದ ಒಂದು ಕವಲಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆನೋವು, ಎದೆಬಡಿತ, ಏದುಸಿರು ಎಂದು ಬಂದ ಸೈನಿಕರನ್ನು ಜೇಕಬ್ ಡಕೋಸ್ಟ ಎಂಬ ವೈದ್ಯ ಪರೀಕ್ಷಿಸಿ 1871ರಲ್ಲಿ ಪ್ರಬಂಧ ಪ್ರಕಟಿಸಿದ. ಎಷ್ಟೋ ಜನರ ಹೃದಯದಲ್ಲಿ ಕಣ್ಣಿಗೆ ಕಾಣುವ ದೋಷವೇ ಇರಲಿಲ್ಲ, ನೋವು ಮಾತ್ರ ಇತ್ತು. ಮೊದಲನೇ ಮಹಾಯುದ್ಧದಲ್ಲಿ ಇದೇ ಲಕ್ಷಣ 'ಸೈನಿಕನ ಹೃದಯ' ಎಂಬ ಹೆಸರಿನಲ್ಲಿ ಮತ್ತೆ ಬಂತು. ಗುಂಡಿನ ಸದ್ದಿನ ನಡುವೆ ನಿಂತವರನ್ನು ಪುಕ್ಕಲರೆನ್ನುವುದು ಕಷ್ಟ. ಧೈರ್ಯಕ್ಕೂ ಈ ಭಯಕ್ಕೂ ನೇರ ಸಂಬಂಧವಿಲ್ಲವೆಂದು ಅಲ್ಲಿಯೇ ತಿಳಿಯಬಹುದಿತ್ತು.

ಇತ್ತ ಮೈಸೂರು ಸಂಸ್ಥಾನದಲ್ಲಿ ಮನಸ್ಸಿನ ವಿಜ್ಞಾನ ಎರಡು ಬಾಗಿಲುಗಳಿಂದ ಬಂತು. ಒಂದು ವಿಶ್ವವಿದ್ಯಾನಿಲಯದ ಬಾಗಿಲು. 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರನ್ನು ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಬಲ್ಲದ್ದು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದವರೆಂದು. ಇನ್ನೊಂದು ಆಸ್ಪತ್ರೆಯ ಬಾಗಿಲು. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಲಿಕೆಯ, ಸಂಶೋಧನೆಯ ಸ್ಥಳವಾಗಿ ಬೆಳೆಸಿದರು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಆದರೆ ಕಾಯಿಲೆಯ ಭಯದಿಂದ ನರಳುವವನು ಈ ಎರಡೂ ಬಾಗಿಲು ತಟ್ಟಲಿಲ್ಲ. ತಟ್ಟಲು ಅವನಿಗೆ ಕಾರಣವೇ ಇರಲಿಲ್ಲ. ಅವನ ಪ್ರಕಾರ ತೊಂದರೆ ಇದ್ದದ್ದು ಎದೆಯಲ್ಲಿ, ಹೊಟ್ಟೆಯಲ್ಲಿ, ತಲೆಯೊಳಗಿನ ಗಡ್ಡೆಯಲ್ಲಿ. ಹಳ್ಳಿಯ ಜನ ನಿಮ್ಹಾನ್ಸ್ ಎಂಬ ಹೆಸರನ್ನು ಬಹುಕಾಲ ಹುಚ್ಚಿನ ಇನ್ನೊಂದು ಹೆಸರೆಂದೇ ಕೇಳಿಸಿಕೊಂಡರು. ಹೀಗಾಗಿ ಇವನು ಎಂಬಿಬಿಎಸ್ ಡಾಕ್ಟರ ಬಳಿ, ನಾಟಿ ವೈದ್ಯರ ಬಳಿ, ಯಂತ್ರ ಕಟ್ಟುವವರ ಬಳಿ ಸರದಿಯ ಮೇಲೆ ಹೋದ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟ ಗ್ರಾಮದಲ್ಲಿ ಮನೆಮನೆ ಸುತ್ತಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿ ಅವರು ಕಂಡ ಚಿತ್ರ ಹಳೆ ಮೈಸೂರಿಗೂ ಹೊಂದುತ್ತದೆ. ವೈದ್ಯ, ಮಂತ್ರವಾದಿ, ಪಾತ್ರಿ, ಇಂಗ್ಲಿಷ್ ಔಷಧದ ಡಾಕ್ಟರು ಎಲ್ಲರೂ ಒಂದೇ ಊರಿಗೆ ಸೇವೆ ಕೊಡುತ್ತಿದ್ದರು, ಒಬ್ಬನೇ ರೋಗಿ ಹಲವರ ಬಳಿ ಹೋಗುತ್ತಿದ್ದ. ಇದನ್ನು ಅಜ್ಞಾನ ಎನ್ನುವ ಮೊದಲು ಯೋಚಿಸಬೇಕು. ನೋವನ್ನು ನಂಬುವ ಒಬ್ಬರನ್ನು ಆತ ಹುಡುಕುತ್ತಿದ್ದ, ಅಷ್ಟೆ.

ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಕೆಲಸವೂ ಕರ್ನಾಟಕದಲ್ಲೇ ಮುಂಚೆ ನಡೆಯಿತು. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ನಡೆಸಿ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. 1982ರಲ್ಲಿ ದೇಶಕ್ಕೊಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಭಾಷೆಯ ಕೆಲಸವೂ ಜೊತೆಗೇ ನಡೆಯಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಭಯ, ಆತಂಕ, ಖಿನ್ನತೆ, ಗೀಳುಗಳ ಬಗ್ಗೆ ದಶಕಗಳ ಕಾಲ ಸರಳ ಕನ್ನಡದಲ್ಲಿ ಬರೆದರು. 'ಇದು ನನಗೊಬ್ಬನಿಗೇ ಆಗಿರುವುದಲ್ಲ' ಎಂದು ಓದುಗರು ಮೊದಲ ಬಾರಿ ತಿಳಿದದ್ದು ಇಂಥ ಕನ್ನಡ ಬರಹಗಳಿಂದ.

ಇಷ್ಟರಲ್ಲಿ ಹೊರಗಿನ ಪ್ರಪಂಚದಲ್ಲಿ ಈ ಭಯದ ತಿಳಿವಳಿಕೆ ಬದಲಾಗುತ್ತಿತ್ತು. 1967ರಲ್ಲಿ ಇಸಿ ಪಿಲೋವ್‌ಸ್ಕಿ ಎಂಬ ಮನೋವೈದ್ಯ ಹದಿನಾಲ್ಕು ಪ್ರಶ್ನೆಗಳ ಒಂದು ಅಳತೆಗೋಲು ಮಾಡಿ, ಈ ಭಯಕ್ಕೆ ತೂಕ ಹಾಕಬಹುದೆಂದು ತೋರಿಸಿದ. ನಿಜವಾದ ತಿರುವು ಬಂದದ್ದು 1986ರಲ್ಲಿ. ಇಂಗ್ಲೆಂಡಿನ ಪಾಲ್ ಸಾಲ್ಕೋವ್‌ಸ್ಕಿಸ್ ಮತ್ತು ಹಿಲರಿ ವಾರ್ವಿಕ್ ಬರೆದ ಪ್ರಬಂಧವೊಂದು, ಎಲ್ಲರೂ ಮದ್ದು ಎಂದುಕೊಂಡದ್ದೇ ಈ ಕಾಯಿಲೆಗೆ ಮೇವು ಎಂದು ಹೇಳಿತು. ಆ ಮದ್ದಿನ ಹೆಸರು ಭರವಸೆ.

ಇದನ್ನು ನಮ್ಮ ಮನೆಯೊಂದರಲ್ಲಿ ಇಟ್ಟು ನೋಡೋಣ. ಕೊತ್ತತ್ತಿ ಕಡೆಯ ನಲವತ್ತು ವರ್ಷದ ರೈತನೊಬ್ಬ ಎಂದಿಟ್ಟುಕೊಳ್ಳಿ. ಪರಿಚಿತರೊಬ್ಬರು ಹೃದಯಾಘಾತದಿಂದ ಹೋದ ಮೇಲೆ ಅವನ ಗಮನ ತನ್ನ ಎದೆಗೆ ತಿರುಗಿದೆ. ಗಮನ ಕೊಟ್ಟಷ್ಟೂ ಬಡಿತ ಜೋರಾಗಿ ಕೇಳಿಸುತ್ತದೆ. ಭಯ ಹುಟ್ಟುತ್ತದೆ, ಭಯಕ್ಕೇ ಬಡಿತ ಇನ್ನಷ್ಟು ಹೆಚ್ಚುತ್ತದೆ. "ಇನ್ನೊಂದ್ಸಲ ಮುಟ್ಟಿ ನೋಡು, ಜಾಸ್ತಿ ಹೊಡ್ಕೊಂಡಂಗದೆ," ಎಂದು ಹೆಂಡತಿಯನ್ನು ಕೇಳುತ್ತಾನೆ. "ಡಾಕ್ಟ್ರೇ ಏನೂ ಇಲ್ಲ ಅಂದವ್ರಲ್ಲ, ಇನ್ನೂ ಯಾಕೆ ಎದೆ ಹಿಡ್ಕಂಡು ಕುಂತಿದ್ದೀರಿ?" ಎಂದು ಅವಳು ಹೇಳುತ್ತಾಳೆ. "ಏನೂ ಆಗಿಲ್ಲ ಸುಮ್ಕಿರ್ಲಾ ಮಗ, ದೃಷ್ಟಿ ಆಗಿರ್ಬೇಕು," ಎಂದು ತಾಯಿ ನಿವಾಳಿಸುತ್ತಾಳೆ. ಆ ಕ್ಷಣ ಅವನಿಗೆ ನಿಜವಾಗಿಯೂ ಹಗುರವಾಗುತ್ತದೆ. ಸಮಸ್ಯೆ ಇರುವುದು ಆ ಹಗುರದಲ್ಲೇ. ಕೇಳಿದ್ದರಿಂದ ಬದುಕಿದೆ ಎಂದು ಅವನ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಬಂದಾಗ ಮತ್ತೆ ಕೇಳದೆ ಇರಲಾಗದು. ಮೊದಲು ವಾರಕ್ಕೊಮ್ಮೆ ಬೇಕಿದ್ದ ಭರವಸೆ ಆಮೇಲೆ ದಿನಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ ಬೇಕಾಗುತ್ತದೆ. ಜೊತೆಗೆ ಅವನು ಗದ್ದೆಗೆ ಒಬ್ಬನೇ ಹೋಗುವುದನ್ನು, ಮೂಟೆ ಹೊರುವುದನ್ನು, ಸಾವಿನ ಮನೆಗೆ ಹೋಗುವುದನ್ನು ಬಿಡುತ್ತಾನೆ. ಬಿಟ್ಟಿದ್ದರಿಂದಲೇ ಉಳಿದೆ ಎಂದುಕೊಳ್ಳುತ್ತಾನೆ. ಬದುಕು ಒಂದು ಮಂಚದಷ್ಟಗಲಕ್ಕೆ ಇಳಿಯುತ್ತದೆ.

ಈ ಚಕ್ರ ಅರ್ಥವಾದ ಮೇಲೆ ಚಿಕಿತ್ಸೆಯ ದಾರಿಯೂ ಬದಲಾಯಿತು. ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಈ ಚಿಕಿತ್ಸೆಯನ್ನು ವೈದ್ಯರು ಸಿಬಿಟಿ ಎನ್ನುತ್ತಾರೆ. ಅದರ ಮೊದಲ ಹೆಜ್ಜೆ ವಾದ ಬಿಡುವುದು. 'ನಿಮಗೆ ಹೃದ್ರೋಗವಿಲ್ಲ' ಎಂದು ನೂರೊಂದನೇ ಬಾರಿ ಹೇಳುವ ಬದಲು, ನಿಮಗಿರುವುದು ಹೃದ್ರೋಗವಾಗಿರಬಹುದು ಅಥವಾ ಹೃದ್ರೋಗದ ಬಗೆಗಿನ ತೀವ್ರ ಭಯವಾಗಿರಬಹುದು, ಯಾವುದಕ್ಕೆ ಸಾಕ್ಷಿ ಹೆಚ್ಚಿದೆ ಎಂದು ಇಬ್ಬರೂ ಕೂತು ನೋಡೋಣ ಎನ್ನುತ್ತಾರೆ. ಎರಡು ನಿಮಿಷ ಬೆರಳಿನ ತುದಿಗೆ ಗಮನ ಕೊಟ್ಟರೆ ಅಲ್ಲೂ ಜುಮುಗುಡುತ್ತದೆ ಎಂದು ಮಾಡಿ ತೋರಿಸುತ್ತಾರೆ. ಆಮೇಲೆ ದಿನಕ್ಕೆ ಎಷ್ಟು ಸಲ ನಾಡಿ ನೋಡಿಕೊಳ್ಳುತ್ತೀರಿ, ಎಷ್ಟು ಸಲ ಮನೆಯವರನ್ನು ಕೇಳುತ್ತೀರಿ ಎಂದು ಬರೆದಿಡಿಸಿ, ಅದನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತಾರೆ. ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಮಾಡಿಸುತ್ತಾರೆ. ಕೇಳದೆ ಇದ್ದಾಗ ಭಯ ಮೊದಲು ಏರುತ್ತದೆ, ಆಮೇಲೆ ತನ್ನಷ್ಟಕ್ಕೆ ಇಳಿಯುತ್ತದೆ. ಹಾಗೆ ಇಳಿಯುವುದನ್ನು ರೋಗಿ ತಾನೇ ಕಾಣಬೇಕು. ಬೇರೆ ಯಾರೂ ಅದನ್ನು ಅವನಿಗೆ ಹೇಳಿ ನಂಬಿಸಲಾಗದು. ಭಯ ತೀರಾ ಆಳಕ್ಕಿಳಿದಿದ್ದರೆ, ಜೊತೆಗೆ ಖಿನ್ನತೆ ಇದ್ದರೆ, ಫ್ಲುಯೊಕ್ಸೆಟಿನ್‌ನಂಥ ಮಾತ್ರೆಗಳನ್ನು ಮನೋವೈದ್ಯರು ಕೊಡುತ್ತಾರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು, ಇದ್ದಕ್ಕಿದ್ದಂತೆ ನಿಲ್ಲಿಸಬಾರದು.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 2004ರಲ್ಲಿ ಅಮೆರಿಕದ ಆರ್ಥರ್ ಬಾರ್‌ಸ್ಕಿ 187 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಆರು ಭೇಟಿಗಳ ಚಿಕಿತ್ಸೆ ಪಡೆದವರ ಭಯ ಇತರರಿಗಿಂತ ಹೆಚ್ಚು ಇಳಿದಿತ್ತು. 2014ರಲ್ಲಿ ಪೀಟರ್ ಟೈರರ್ ಮತ್ತು ಜೊತೆಗಾರರು ಬ್ರಿಟನ್ನಿನಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಮುಖ್ಯ. ಅವರು ರೋಗಿಗಳನ್ನು ಮನೋವೈದ್ಯರ ಬಳಿ ಹುಡುಕಲಿಲ್ಲ. ಹೃದಯ, ಶ್ವಾಸಕೋಶ, ಜೀರ್ಣಾಂಗ ಮುಂತಾದ ವಿಭಾಗಗಳ ಹೊರರೋಗಿಗಳ ಸಾಲಿನಲ್ಲೇ 444 ಮಂದಿಯನ್ನು ಗುರುತಿಸಿದರು. ಚಿಕಿತ್ಸೆ ಕೊಟ್ಟವರಲ್ಲಿ ತರಬೇತಿ ಪಡೆದ ನರ್ಸುಗಳೂ ಇದ್ದರು. ಎರಡು ವರ್ಷದ ನಂತರವೂ ಪ್ರಯೋಜನ ಉಳಿದಿತ್ತು. ದೊಡ್ಡ ತಜ್ಞರು ಸಿಗದ ತಾಲ್ಲೂಕುಗಳಿಗೆ ಇದರಲ್ಲಿ ಒಂದು ದಾರಿಯಿದೆ.

ಹೆಸರುಗಳೂ ಬದಲಾದವು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಹಾಸ್ಯದ ಹೊರೆ ಹೊತ್ತಿದ್ದ ಹೈಪೊಕಾಂಡ್ರಿಯಾ ಎಂಬ ಪದವನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ಪಟ್ಟಿಯಲ್ಲಿ ಇದನ್ನು ಗೀಳುರೋಗಗಳ ಸಾಲಿಗೆ ಸೇರಿಸಿತು. ಕೈ ತೊಳೆದಷ್ಟೂ ಕೊಳೆ ಎನ್ನಿಸುವ ಗೀಳಿಗೂ, ಪರೀಕ್ಷಿಸಿದಷ್ಟೂ ರೋಗ ಎನ್ನಿಸುವ ಗೀಳಿಗೂ ಇರುವ ನಂಟನ್ನು ಅದು ಒಪ್ಪಿಕೊಂಡಿತು.

ಈ ಭಯದಲ್ಲಿ ಪಣಕ್ಕಿರುವುದು ನೆಮ್ಮದಿ ಮಾತ್ರ ಅಲ್ಲ. 2023ರ ಕೊನೆಯಲ್ಲಿ ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು ಪ್ರಕಟವಾಯಿತು. ಈ ರೋಗನಿರ್ಣಯ ಪಡೆದ ನಾಲ್ಕು ಸಾವಿರಕ್ಕೂ ಹೆಚ್ಚು ಜನರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಗಣನೀಯವಾಗಿ ಹೆಚ್ಚಿತ್ತು. ಅದರಲ್ಲೂ ಆತ್ಮಹತ್ಯೆಯ ಅಪಾಯ ಸುಮಾರು ನಾಲ್ಕು ಪಟ್ಟು. ಸಾವಿಗೆ ಅಷ್ಟೊಂದು ಹೆದರುವವನು ತಾನೇ ಸಾವನ್ನು ಆರಿಸಿಕೊಳ್ಳುವುದು ವಿಚಿತ್ರವೆನಿಸಬಹುದು. ದಿನವೂ ಸಾಯುವ ಆಯಾಸವನ್ನು ಹತ್ತಿರದಿಂದ ನೋಡಿದವರಿಗೆ ಹಾಗೆನಿಸದು. 'ಏನೂ ಇಲ್ಲ, ಎದ್ದು ಕೆಲಸ ನೋಡು' ಎಂದು ಕಳಿಸಿಬಿಡುವ ವೈದ್ಯರೂ ಮನೆಯವರೂ ಈ ಅಂಕಿಯನ್ನು ನೆನಪಿಡಬೇಕು.

ಇನ್ನೊಂದು ಎಚ್ಚರವೂ ಬೇಕು. ಆರೋಗ್ಯ ಆತಂಕವಿರುವವರಿಗೂ ನಿಜವಾದ ಕಾಯಿಲೆ ಬರುತ್ತದೆ. ಹೊಸದಾಗಿ ಬಂದ ಎದೆನೋವು, ಬೆವರು, ಕೈಗೆ ದವಡೆಗೆ ಹರಡುವ ನೋವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಾಸನದ ಸಮಿತಿಯೂ ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕಿನಂಥ ಅಪಾಯಗಳಿದ್ದದ್ದನ್ನು ಗುರುತಿಸಿತ್ತು. ಸರಿಯಾಗಿ ಒಮ್ಮೆ ಪರೀಕ್ಷೆಯಾಗಬೇಕು. ಆಮೇಲೆ ಒಬ್ಬರೇ ವೈದ್ಯರು, ಮೊದಲೇ ಗೊತ್ತುಮಾಡಿದ ದಿನಕ್ಕೆ ಭೇಟಿ. ಭಯ ಬಂದಾಗಲೆಲ್ಲ ಓಡುವ ಬದಲು ದಿನಾಂಕ ಬಂದಾಗ ಹೋಗುವುದು ಈ ಚಿಕಿತ್ಸೆಯ ಹಳೆಯ, ಸರಳ ಉಪಾಯ. ಪ್ಲೇಗಿನ ಗುಡಿಸಲಿನಿಂದ ಮರಳುವುದಕ್ಕೆ ಊರು ಗೊತ್ತುಮಾಡುತ್ತಿದ್ದ ದಿನದ ಹಾಗೆ, ಇವನ ಭಯಕ್ಕೂ ಒಂದು ಕ್ಯಾಲೆಂಡರ್ ಸಿಗುತ್ತದೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮನಸ್ಸಿನ ತೊಂದರೆಗಳಿರುವವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಅಂದಿನಿಂದ ಕೆಲವು ಬಾಗಿಲುಗಳು ತೆರೆದಿವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರೂಪುಗೊಂಡಿತು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಸ್ ಚಾರ್ಜೂ ಬೇಡ, ಯಾರ ಕಣ್ಣಿಗೂ ಬೀಳಬೇಕಾಗಿಲ್ಲ.

ಚರಕ ಸಂಹಿತೆಯ ಶಂಕಾವಿಷಕ್ಕೂ 1986ರ ಪ್ರಬಂಧಕ್ಕೂ ನಡುವೆ ಸುಮಾರು ಎರಡು ಸಾವಿರ ವರ್ಷಗಳಿವೆ. ಮೊದಲನೆಯದು, ಶಂಕೆಯಿಂದ ಬಂದ ನೋವೂ ನೋವೇ ಎಂದು ಕಲಿಸಿತು. ಎರಡನೆಯದು, ಸಾಂತ್ವನವನ್ನು ಅಳತೆ ಮೀರಿ ಕೊಟ್ಟರೆ ಅದೂ ವಿಷವಾಗುತ್ತದೆ ಎಂದು ಕಲಿಸಿತು. ಎರಡನ್ನೂ ಸೇರಿಸಿ ನಡೆಯುವುದು ಕಷ್ಟದ ಕೆಲಸ. ನೋವನ್ನು ನಂಬಬೇಕು, ಆದರೆ ಅದರ ಪ್ರಶ್ನೆಗೆ ಪ್ರತಿ ಸಲ ಉತ್ತರ ಕೊಡಬಾರದು. ಎದೆ ಹಿಡಿದು ಕುಳಿತ ಮಗನಿಗೆ ತಾಯಿ, "ಹೆದರಿಕೆ ಆಯ್ತಾ ಅದೆ ಅಲ್ವೇನ್ಲಾ? ಬಾ, ಗದ್ದೆ ತನಕ ನಾನೂ ಬತ್ತೀನಿ," ಎಂದರೆ ಅಲ್ಲಿ ಸುಳ್ಳೂ ಇಲ್ಲ, ಬೈಗುಳವೂ ಇಲ್ಲ, ನೂರೊಂದನೇ ಭರವಸೆಯೂ ಇಲ್ಲ. ಬಿಟ್ಟಿದ್ದ ಕೆಲಸಕ್ಕೆ ಒಂದು ಹೆಜ್ಜೆ ಇದೆ. ಚಿಕಿತ್ಸಕರು ವಾರಗಟ್ಟಲೆ ಕೂತು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ.